ಝಳಕಿ ಕ್ರಾಸಿನಿಂದ ಕಡಲಿನವರೆಗೆ

ಚಡಚಣದಿಂದ ವಿಜಯಪುರಕ್ಕೆ ಹೋಗುವವರು ಝಳಕಿಯಲ್ಲಿ ದೊಡ್ಡ ರಸ್ತೆ ಹತ್ತುತ್ತಾರೆ. ಅದು ರಾಷ್ಟ್ರೀಯ ಹೆದ್ದಾರಿ 52. ಒಂದು ಕಡೆ ಸೊಲ್ಲಾಪುರ, ಇನ್ನೊಂದು ಕಡೆ ವಿಜಯಪುರ. ನಮ್ಮ ಭಾಗದ ಜನಕ್ಕೆ ಆ ರಸ್ತೆಯ ಸಂಬಂಧ ಹೆಚ್ಚಾಗಿ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಈ ರಸ್ತೆ ಪಂಜಾಬಿನ ಸಂಗ್ರೂರಿನಲ್ಲಿ ಶುರುವಾಗಿ, ನಮ್ಮ ಝಳಕಿ, ಹೊರ್ತಿ ದಾಟಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಹಾಯ್ದು ಉತ್ತರ ಕನ್ನಡದ ಅಂಕೋಲಾದಲ್ಲಿ ಮುಗಿಯುತ್ತದೆ. ಅಂಕೋಲಾ ಕಡಲತಡಿಯ ಊರು. ನಿಂಬೆಕಾಯಿ ಚೀಲ, ಕಬ್ಬು, ಜವಳಿ ಗಂಟು ಹೊತ್ತ ಲಾರಿಗಳು ದಿನಾ ಓಡಾಡುವ ಇದೇ ರಸ್ತೆಯನ್ನು ಬಿಡದೆ ದಕ್ಷಿಣಕ್ಕೆ ಸುಮಾರು ನಾಲ್ಕುನೂರು ಕಿಲೋಮೀಟರ್ ಹಿಡಿದು ಹೋದರೆ ಅರಬ್ಬೀ ಸಮುದ್ರ ಸಿಗುತ್ತದೆ.

ಇದನ್ನು ಮೊದಲು ಹೇಳಲು ಕಾರಣವಿದೆ. ನಮ್ಮ ಕಡೆಯ ಹೊಸ ಜೋಡಿಗಳು ಈಗ ಹನಿಮೂನಿನ ಮಾತು ತೆಗೆದರೆ ಮೊಬೈಲಿನಲ್ಲಿ ಮಾಲ್ದೀವ್ಸ್ ನೋಡುತ್ತಾರೆ, ಬಾಲಿ ನೋಡುತ್ತಾರೆ, ಬಹಳ ಆದರೆ ಗೋವಾಕ್ಕೆ ಇಳಿಯುತ್ತಾರೆ. ಪಾಸ್‌ಪೋರ್ಟ್ ಇರುವುದಿಲ್ಲ, ಮದುವೆ ಖರ್ಚಿನ ಸಾಲ ಮುಗಿದಿರುವುದಿಲ್ಲ, ಮನೆಯಲ್ಲಿ ಕೇಳುವ ಧೈರ್ಯವೂ ಇರುವುದಿಲ್ಲ. ಮಾಲ್ದೀವ್ಸ್ ಆಗದಿದ್ದರೆ ಏನೂ ಬೇಡ ಎಂದು ಸುಮ್ಮನಾಗುತ್ತಾರೆ. ಹೀಗೆ ಸುಮ್ಮನಾದ ಎಷ್ಟೋ ಗೆಳತಿಯರು ನನಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತೆಂಗು, ಬಿಳಿ ಮರಳು, ಬೆಚ್ಚಗಿನ ನೀರು, ಸಮುದ್ರದಲ್ಲಿ ಮುಳುಗುವ ಸೂರ್ಯ, ಇವೆಲ್ಲ ಉಷ್ಣವಲಯದ ಕಡಲತಡಿಗಳ ಸೊತ್ತು. ನಾವು ಹೋಗಿಬಂದ, ಅಂಕೋಲಾ ಹತ್ತಿರದ ಗೋಕರ್ಣವೂ ಅದೇ ವಲಯದಲ್ಲಿದೆ. ಥಾಯ್ಲೆಂಡಿನ ಬ್ಯಾಂಕಾಕ್ ಮತ್ತು ನಮ್ಮ ಗೋಕರ್ಣ ಸಮಭಾಜಕ ವೃತ್ತದಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ.

ನಾನು ಚಡಚಣ ತಾಲ್ಲೂಕಿನ ಒಂದು ಹಳ್ಳಿಗೆ ಸೊಸೆಯಾಗಿ ಬಂದವಳು. ಗಂಡನ ಮನೆಯವರದು ನಿಂಬೆ ತೋಟ, ಉಳಿದ ಎರೆ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ. ಮಾರ್ಗಶಿರದಲ್ಲಿ ಲಗ್ನವಾಯಿತು. ಮದುವೆ ಜವಳಿಯೆಲ್ಲ ಚಡಚಣದ ಪೇಟೆಯಲ್ಲೇ ತೆಗೆದದ್ದು. ಗಡಿಯಾಚೆಯ ಮಹಾರಾಷ್ಟ್ರದವರೂ ಲಗ್ನದ ಬಟ್ಟೆಗೆ ಅಲ್ಲಿಗೇ ಬರುತ್ತಾರೆ. ಲಗ್ನವಾದ ಮೇಲೆ ನಮ್ಮಲ್ಲಿ ದೇವರಿಗೆ ಹೋಗುವ ಪದ್ಧತಿ ಉಂಟು. ಮನೆದೇವರು, ಸೊಲ್ಲಾಪುರದ ಸಿದ್ಧರಾಮ, ಪಂಢರಪುರ, ತುಳಜಾಪುರ, ಅವರವರ ನಡಾವಳಿಯ ಪ್ರಕಾರ. ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಅತ್ತೆ, ಮಾವ, ನಾದಿನಿ, ಚಿಗವ್ವ, ಅವರ ಮಕ್ಕಳು, ರೊಟ್ಟಿ ಗಂಟು, ಶೇಂಗಾ ಹಿಂಡಿ ಡಬ್ಬಿ ಎಲ್ಲ ಕೂಡಿ ಹೋಗುವುದು. ಹೊಸ ಸೊಸೆ ಹಿಂದಿನ ಸೀಟಿನಲ್ಲಿ ಹೆಂಗಸರ ನಡುವೆ, ಗಂಡ ಮುಂದೆ ಡ್ರೈವರ್ ಬಾಜೂಕೆ. ಆ ಪ್ರಯಾಣ ನನಗೆ ಇಷ್ಟವಾಗಿತ್ತು. ಮನೆಯವರ ಸ್ವಭಾವವೆಲ್ಲ ಅಲ್ಲೇ ತಿಳಿಯಿತು. ಗಂಡನದು ಮಾತ್ರ ತಿಳಿಯಲಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಿಶ್ಚಯವಾದ ದಿನದಿಂದ ಲಗ್ನದವರೆಗೆ ನಾವಿಬ್ಬರೂ ದಿನಾ ಫೋನಿನಲ್ಲಿ ಮಾತಾಡುತ್ತಿದ್ದೆವು. ಈಗ ಎಲ್ಲರೂ ಹಾಗೆಯೇ. ಲಗ್ನವಾಗಿ ಒಂದೇ ಮನೆಗೆ ಬಂದ ಮೇಲೆ ಮಾತು ಕಡಿಮೆಯಾಯಿತು. ಪಡಸಾಲೆಯಲ್ಲಿ ಮಾವ ಕೂತಿರುತ್ತಾರೆ, ಅಡುಗೆಮನೆಯಲ್ಲಿ ಅತ್ತೆ, ಅಂಗಳದಲ್ಲಿ ಬಂದುಹೋಗುವ ಮಂದಿ. ಗಂಡ ಬೆಳಗಿನ ಜಾವಕ್ಕೆ ತೋಟಕ್ಕೆ ಹೋದರೆ ಕಾಯಿ ಬಿಡಿಸಿ, ಚೀಲ ತುಂಬಿ, ಗಾಡಿಗೆ ಹಾಕಿ ಬರುವ ಹೊತ್ತಿಗೆ ಮಧ್ಯಾಹ್ನ. ಹಿರಿಯರ ಎದುರು ಗಂಡ ಹೆಂಡತಿ ನಿಂತು ಮಾತಾಡುವುದು ನಮ್ಮಲ್ಲಿ ಚೆಂದವಲ್ಲ. ರಾತ್ರಿ ತೆಳುವಾದ ತಗಡಿನ ಬಾಗಿಲ ಹಿಂದೆ ಪಿಸುಮಾತು. ಫೋನಿನಲ್ಲಿ ಎಲ್ಲ ಹೇಳಿಕೊಂಡಿದ್ದ ಮನುಷ್ಯನಿಗೆ ಎದುರಿಗೆ ನಾನು ಹೇಳುತ್ತಿದ್ದದ್ದು ಊಟಕ್ಕೆ ಬರ್ರಿ, ಚಹಾ ಕುಡೀರಿ, ಇಷ್ಟೇ.

ಇದು ಇವತ್ತಿನ ಸಂಗತಿಯಲ್ಲ. ನಮ್ಮೂರ ಪಕ್ಕದ ಹಲಸಂಗಿಯಲ್ಲಿ ಮಧುರಚೆನ್ನರು, ಚಡಚಣದ ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು ಎಲ್ಲ ಸೇರಿ ಹಲಸಂಗಿ ಗೆಳೆಯರೆಂದು ಹೆಸರಾದರು. ಈ ಭಾಗದ ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಹೊರತಂದರು. ಬೀಸುಕಲ್ಲಿನ ಮುಂದೆ ಕೂತು ಹಾಡಿದ ತ್ರಿಪದಿಗಳು ಅದರಲ್ಲಿವೆ. ತವರು, ಅಣ್ಣ, ಅತ್ತೆ, ಕೂಸು, ಗಂಡ ಎಲ್ಲರೂ ಅದರಲ್ಲಿದ್ದಾರೆ. ಬಿ.ಎ. ಓದುವಾಗ ಅದನ್ನು ಪಾಠವೆಂದು ಓದಿದ್ದೆ. ಸೊಸೆಯಾದ ಮೇಲೆ ಮತ್ತೆ ತೆಗೆದು ಓದಿದಾಗ ಬೇರೆಯೇ ಕಂಡಿತು. ಗಂಡನ ಮೇಲಿನ ಪ್ರೀತಿಯನ್ನು ಈ ಹೆಣ್ಣುಮಕ್ಕಳು ಬೀಸುವ ಕಲ್ಲಿಗೆ ಹೇಳಿದ್ದಾರೆ. ಗಂಡನಿಗೆ ಹೇಳಲು ಅವರಿಗೆ ಜಾಗವಿರಲಿಲ್ಲ.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತಾಗ ನಮ್ಮವರು ಸಮುದ್ರದ ಮಾತು ತೆಗೆದರು. ಅತ್ತೆಯವರಿಗೆ ಸೇರಲಿಲ್ಲ. "ದೇವರಿಗೆ ಹೋಗಿ ಬಂದೀರಲ್ಲ, ಮತ್ತ್ಯಾಕ ಸಮುದ್ರ? ಹೋಗೂದಾದ್ರ ಎಲ್ಲಾರೂ ಹೋಗೂಣು, ಕ್ರೂಸರ್ ಮಾಡೂಣು" ಅಂದರು. ನಮ್ಮವರ ಆಯಿ, ಅಂದರೆ ಅತ್ತೆಯವರ ಅತ್ತೆ, ಬದನೆಕಾಯಿ ಪಲ್ಯ ಬಡಿಸುತ್ತಿದ್ದವರು ಕೈ ನಿಲ್ಲಿಸಿದರು. "ಎಲ್ಲಾರೂ ಹೋದ್ರ ಅವರಿಬ್ರೂ ಯಾವಾಗ ಮಾತಾಡ್ಬೇಕು? ನಿಮ್ಮ ಮಾವನ ಮಾರಿ ನಾ ಕಣ್ತುಂಬ ನೋಡಿದ್ದು ಎರಡು ಮಕ್ಕಳಾದ ಮ್ಯಾಲ. ಹೋಗ್ಲಿ ಬಿಡವಾ" ಅಂದರು. ಆ ಮಾತಿನ ಮೇಲೆ ಯಾರೂ ಮಾತಾಡಲಿಲ್ಲ. ಹೊಸ ವರ್ಷದ ಗದ್ದಲ ಕಳೆದು ರೂಮಿನ ಬಾಡಿಗೆ ಇಳಿದ ಮೇಲೆ ಹೊರಟೆವು. ಕಾಯಿ ಬಿಡಿಸುವ ಜವಾಬ್ದಾರಿ ಮೈದುನ ತೆಗೆದುಕೊಂಡ.

ಬಸ್ಸಿನಲ್ಲೇ ಹೋದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಾದ ಮೇಲೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ನನ್ನದು ಶೂನ್ಯ ಟಿಕೆಟ್, ಹಣ ಕೊಟ್ಟದ್ದು ನಮ್ಮವರ ಟಿಕೆಟ್ಟಿಗೆ ಮಾತ್ರ. ಆಧಾರ್ ಕಾರ್ಡ್ ಕೈಯಲ್ಲಿರಬೇಕು. ಹೊಸದಾಗಿ ಲಗ್ನವಾದವರಿಗೆ ಆಧಾರ್ ವಿಷಯದಲ್ಲಿ ಇನ್ನೊಂದು ಮಾತು: ಹುಡುಗಿಯ ಕಾರ್ಡಿನಲ್ಲಿ ತವರಿನ ವಿಳಾಸ, ತಂದೆಯ ಹೆಸರು ಇರುತ್ತದೆ. ಲಾಡ್ಜಿನಲ್ಲಿ ರೂಮು ಕೊಡುವಾಗ ಇಬ್ಬರ ಗುರುತಿನ ಚೀಟಿಯನ್ನೂ ಕೇಳುತ್ತಾರೆ. ಹೆಸರು ಹೊಂದದಿದ್ದರೆ ಕೆಲವರು ಬೇಡದ ಪ್ರಶ್ನೆ ಹಾಕುತ್ತಾರೆ. ಲಗ್ನಪತ್ರಿಕೆಯ ಒಂದು ಪ್ರತಿ ಚೀಲದಲ್ಲಿಟ್ಟುಕೊಂಡಿದ್ದು ನಮಗೆ ಉಪಯೋಗಕ್ಕೆ ಬಂತು.

ವಿಜಯಪುರ ದಾಟಿ ಕೊಲ್ಹಾರದ ಹತ್ತಿರ ಕೃಷ್ಣೆಯ ಮೇಲಿನ ಉದ್ದನೆಯ ಸೇತುವೆ ಬರುತ್ತದೆ. ಆಲಮಟ್ಟಿಯ ಹಿನ್ನೀರು ಅಲ್ಲಿ ಎರಡೂ ಕಡೆ ಹರವಾಗಿ ನಿಂತಿರುತ್ತದೆ. ಸಮುದ್ರ ನೋಡದವರಿಗೆ ಅದೇ ಸಮುದ್ರ. ಕೊಲ್ಹಾರದ ಗಟ್ಟಿ ಮೊಸರು ಸಣ್ಣ ಮಣ್ಣಿನ ಗಡಿಗೆಯಲ್ಲಿ ಮಾರಲು ಬರುತ್ತದೆ, ರೊಟ್ಟಿ ಕಟ್ಟಿಕೊಂಡು ಹೊರಟವರು ಅದನ್ನು ಬಿಡಬಾರದು. ಕೆರೂರು, ನರಗುಂದ, ನವಲಗುಂದದವರೆಗೂ ನಮ್ಮದೇ ಕರಿ ನೆಲ. ಹುಬ್ಬಳ್ಳಿ ಬಿಟ್ಟು ಕಲಘಟಗಿ ದಾಟಿದ ಮೇಲೆ ಮಣ್ಣು ಕೆಂಪಾಗುತ್ತದೆ, ಗಿಡ ಎತ್ತರವಾಗುತ್ತದೆ. ಯಲ್ಲಾಪುರಕ್ಕೆ ಬಂದರೆ ಎರಡೂ ಬದಿ ಕಾಡು. ಅಲ್ಲಿಂದ ಅರಬೈಲ್ ಘಟ್ಟ ಇಳಿಯುವಾಗ ಬಸ್ಸು ತಿರುವಿನಿಂದ ತಿರುವಿಗೆ ಬೀಳುತ್ತ ಹೋಗುತ್ತದೆ. ನಮ್ಮ ಬಯಲುಸೀಮೆಯ ಹೊಟ್ಟೆಗೆ ಅದು ಒಗ್ಗುವುದಿಲ್ಲ. ಒಣ ನಿಂಬೆಸಿಪ್ಪೆ ಬಾಯಲ್ಲಿಟ್ಟುಕೊಂಡು ನಾನು ಪಾರಾದೆ.

ಆ ಘಟ್ಟದಲ್ಲಿ ನಮ್ಮವರು ಕಿಟಕಿಯಿಂದ ಹೊರಗೆ ನೋಡುತ್ತ ಒಂದು ಪ್ರಶ್ನೆ ಕೇಳಿದರು: "ಇಲ್ಲಿಗಿ ಇಷ್ಟ ಮಳಿ ಕೊಡೂ ದೇವರು ನಮಗ್ಯಾಕ ಕೊಡಂಗಿಲ್ಲ?" ಓದಿದ ಭೂಗೋಳ ಅವತ್ತು ನನಗೆ ಕೆಲಸಕ್ಕೆ ಬಂತು. ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬರುತ್ತದೆ. ಘಟ್ಟಕ್ಕೆ ಬಡಿದು ಮೇಲೇರಬೇಕಾಗುತ್ತದೆ. ಮೇಲೇರಿದ ಗಾಳಿ ತಣ್ಣಗಾಗಿ ಹೊತ್ತ ನೀರನ್ನು ಅಲ್ಲೇ ಸುರಿಯುತ್ತದೆ. ಕರಾವಳಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ. ಘಟ್ಟ ದಾಟಿ ನಮ್ಮ ಕಡೆ ಇಳಿಯುವ ಹೊತ್ತಿಗೆ ಗಾಳಿಯಲ್ಲಿ ಉಳಿದಿರುವುದು ಸ್ವಲ್ಪ. ಹಾಗಾಗಿ ನಮ್ಮ ಜಿಲ್ಲೆಗೆ ಸುಮಾರು ಆರುನೂರು ಮಿಲಿಮೀಟರ್. ನಮ್ಮ ಭೀಮಾ ನದಿಯ ಕಥೆಯೂ ಇದಕ್ಕೇ ಸೇರಿದ್ದು. ಭೀಮಾಶಂಕರದಲ್ಲಿ, ಇದೇ ಸಹ್ಯಾದ್ರಿಯ ನೆತ್ತಿಯಲ್ಲಿ, ಅರಬ್ಬೀ ಸಮುದ್ರಕ್ಕೆ ಅಷ್ಟು ಹತ್ತಿರ ಹುಟ್ಟಿದರೂ ಅದು ಪಶ್ಚಿಮಕ್ಕೆ ಇಳಿಯುವುದಿಲ್ಲ. ನೆಲದ ಇಳಿಜಾರು ಪೂರ್ವಕ್ಕಿರುವುದರಿಂದ ನಮ್ಮ ಗಡಿ ಸವರಿ, ಕೃಷ್ಣೆಗೆ ಕೂಡಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. "ಹಂಗಾದ್ರ ನಾವು ಈಗ ನೋಡೂ ಸಮುದ್ರದಾಗ ನಮ್ಮ ಹೊಳಿ ನೀರ ಇಲ್ಲ" ಅಂದರು. ಹೌದು, ಇಲ್ಲ. ಲಗ್ನವಾದಾಗಿನಿಂದ ನಾವಿಬ್ಬರೂ ಒಂದೇ ವಿಷಯವನ್ನು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಗೋಕರ್ಣಕ್ಕೆ ಮುಟ್ಟಿದಾಗ ಕತ್ತಲಾಗಿತ್ತು. ಊರೊಳಗಿನ ಹಳೆಯ ಹೆಂಚಿನ ಮನೆಯೊಂದರಲ್ಲಿ ಕೋಣೆ ಹಿಡಿದಿದ್ದೆವು. ತೆಂಗು, ಅಡಿಕೆ, ಬಾವಿ, ಜಂಬಿಟ್ಟಿಗೆಯ ಗೋಡೆ. ಸಮುದ್ರ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಚಡಚಣದ ಮೇ ತಿಂಗಳ ಬಿಸಿಲಿಗೆ ಹೆದರದ ನಮಗೆ ಜನವರಿಯಲ್ಲೂ ಅಲ್ಲಿ ಮೈ ಅಂಟಂಟು. ಬಿಸಿಲು ಹೆಚ್ಚೆಂದು ಅಲ್ಲ. ನಮ್ಮ ಗಾಳಿ ಒಣ, ಬೆವರು ಬಂದ ಕೂಡಲೇ ಆರಿ ಮೈ ತಂಪಾಗುತ್ತದೆ. ಕಡಲ ಗಾಳಿಯಲ್ಲಿ ಆಗಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ. ಈ ಒಂದು ಕಾರಣಕ್ಕೇ ಬೇಸಿಗೆಯಲ್ಲಿ ಲಗ್ನವಾದವರು ಕೂಡಲೇ ಕಡಲಿಗೆ ಹೊರಡಬೇಡಿ, ನವೆಂಬರಿನಿಂದ ಫೆಬ್ರವರಿಯವರೆಗೆ ಕಾಯಿರಿ ಎನ್ನುತ್ತೇನೆ. ರೇಷ್ಮೆ ಸೀರೆ, ಜರಿ ದುಪಟ್ಟಾ ಮನೆಯಲ್ಲೇ ಇರಲಿ. ಉಪ್ಪು ನೀರು ತಾಗಿದರೆ ಜರಿ ಕರ್ರಗಾಗುತ್ತದೆ, ಮರಳು ಮಡಿಕೆಯಲ್ಲಿ ಸೇರಿದರೆ ಬಿಡುವುದಿಲ್ಲ. ತೆಳುವಾದ, ಬೇಗ ಆರುವ ಚೂಡಿದಾರ ಸಾಕು.

ನಾವು ಗೋಕರ್ಣವನ್ನು ಆರಿಸಿದ್ದಕ್ಕೆ ಅತ್ತೆಯವರ ಮನಸ್ಸೂ ಒಂದು ಕಾರಣ. ಮಹಾಬಲೇಶ್ವರನ ದರ್ಶನವೂ ಆದಂತಾಗುತ್ತದೆ. ರಾವಣ ತಂದ ಆತ್ಮಲಿಂಗವನ್ನು ಗಣಪತಿ ಇಲ್ಲಿ ನೆಲಕ್ಕಿಟ್ಟನೆಂಬುದು ಸ್ಥಳಪುರಾಣ. ಗಣಪತಿ ಗುಡಿಗೆ ಮೊದಲು ಹೋಗಿ ಆಮೇಲೆ ಮಹಾಬಲೇಶ್ವರನಲ್ಲಿಗೆ ಹೋಗುವುದು ನಡೆದುಬಂದ ರೀತಿ. ಗಂಡಸರು ಅಂಗಿ ತೆಗೆದು ಪಂಚೆ ಉಟ್ಟು ಒಳಗೆ ಹೋಗಬೇಕು, ಒಂದು ಪಂಚೆ ಜೊತೆಗಿರಲಿ. ಗುಡಿಯಿಂದ ನಾಲ್ಕು ಹೆಜ್ಜೆ ನಡೆದರೆ ಊರಿನ ದೊಡ್ಡ ಕಡಲತಡಿ. ಅದರ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಇನ್ನೊಂದು ಗುಡ್ಡ ದಾಟಿದರೆ ಓಂ, ಅದರಾಚೆ ಹಾಫ್ ಮೂನ್, ಪ್ಯಾರಡೈಸ್. ಓಂ ತಡಿಯಲ್ಲಿ ಎರಡು ಬಾಗು ಕೂಡುವ ಕಡೆ ಬಂಡೆಗಳ ಮೂಗು ಚಾಚಿದೆ. ಮೇಲಿನ ಗುಡ್ಡದಿಂದ ನೋಡಿದರೆ ಓಂಕಾರದ ಆಕಾರ ತಿಳಿಯುತ್ತದೆ. ಕುಡ್ಲೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಅರ್ಧಚಂದ್ರದ ತಡಿ, ಹಿಂದೆ ಗುಡ್ಡ, ಪಶ್ಚಿಮಕ್ಕೆ ತೆರೆದ ಬಾಯಿ. ಹೊರದೇಶದವರೂ ಇರುತ್ತಾರೆ, ನಮ್ಮ ಗದಗ, ಬೆಳಗಾವಿ ಕಡೆಯ ಸಂಸಾರಗಳೂ ಇರುತ್ತವೆ. ಯಾರೂ ಯಾರನ್ನೂ ನೋಡುತ್ತ ಕೂರುವುದಿಲ್ಲ. ಮರಳಿನ ಮೇಲೆ ಗಂಡನ ಪಕ್ಕ ಕೂತರೆ ಯಾರೂ ತಿರುಗಿ ನೋಡದ ಜಾಗ ನನ್ನ ಜೀವನದಲ್ಲಿ ಅದೇ ಮೊದಲನೆಯದು.

ಇನ್ನು ಕಡಲಿನ ಸ್ವಭಾವ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಡೆಯ ಹುಡುಗರು ಭೀಮಾ ಹೊಳೆಯಲ್ಲಿ, ಬಾವಿಯಲ್ಲಿ ಈಜಿದವರು. ಈಜು ಬರುತ್ತದೆ ಎನ್ನುವ ಧೈರ್ಯವೇ ಕಡಲಿನಲ್ಲಿ ಅಪಾಯ. ನಮ್ಮ ಕೋಣೆಯ ಮನೆಯೊಡತಿ ಮೊದಲ ಬೆಳಗ್ಗೆಯೇ ನಮ್ಮವರನ್ನು ನಿಲ್ಲಿಸಿ ತಿಳಿಹೇಳಿದರು. ತೆರೆಗಳು ಒಂದರ ಹಿಂದೊಂದು ನೀರನ್ನು ದಡಕ್ಕೆ ತಳ್ಳುತ್ತಲೇ ಇರುತ್ತವೆ. ಆ ನೀರೆಲ್ಲ ವಾಪಸ್ ಹೋಗಲೇಬೇಕು. ಮರಳಿನ ದಿಬ್ಬಗಳ ನಡುವೆ, ಬಂಡೆಗಳ ಪಕ್ಕ, ಇಕ್ಕಟ್ಟಾದ ಸಂದು ಸಿಕ್ಕ ಕಡೆ ಅದು ಒಟ್ಟಾಗಿ ರಭಸದಿಂದ ಸಮುದ್ರದ ಕಡೆ ಹರಿಯುತ್ತದೆ. ಆ ಜಾಗದಲ್ಲಿ ತೆರೆ ಒಡೆಯುವುದು ಕಡಿಮೆ, ನೋಡಲು ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು ಇಲ್ಲಿ ತೆರೆಯಿಲ್ಲ, ಇಳಿಯಲು ಒಳ್ಳೆಯದು ಎಂದು ಅಲ್ಲಿಗೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕಾಗ ದಡದ ಕಡೆಗೇ ಎದುರೀಜಿದರೆ ಎಂಥ ಈಜುಗಾರನೂ ದಣಿದು ಮುಳುಗುತ್ತಾನೆ. ಸೆಳೆತ ಅಗಲವಾಗಿರುವುದಿಲ್ಲ. ದಡಕ್ಕೆ ಸಮಾನಾಂತರವಾಗಿ, ಅಡ್ಡಕ್ಕೆ ಈಜಿ ಅದರಿಂದ ಹೊರಬಿದ್ದು, ತೆರೆ ಒಡೆಯುವ ಕಡೆಯಿಂದ ದಡಕ್ಕೆ ಬರಬೇಕು. ಈಜಲಾಗದಿದ್ದರೆ ತೇಲುತ್ತ ಕೈ ಎತ್ತಬೇಕು. ಈಜು ಬರದವರು ಮೊಣಕಾಲಿಗಿಂತ ಮೇಲೆ ನೀರು ಬರುವ ಕಡೆ ಹೋಗಲೇಬಾರದು, ಇಳಿಯುವುದೂ ಜೀವರಕ್ಷಕರು ಇರುವ ಕಡೆ ಮಾತ್ರ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ವಸತಿ ಶಾಲೆಯ ನಾಲ್ವರು ಬಾಲಕಿಯರು ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಅವರೂ ನಮ್ಮ ಹಾಗೆ ಬಯಲುಸೀಮೆಯ ಮಕ್ಕಳು. ಕೆಂಪು ಬಾವುಟ ಇದ್ದರೆ, ಸೀಟಿ ಊದಿದರೆ, ಮಾತಿಲ್ಲದೆ ಮೇಲೆ ಬನ್ನಿ. ಹೊಸ ಹೆಂಡತಿಯ ಎದುರು ಧೈರ್ಯ ತೋರಿಸುವ ಜಾಗ ಅದಲ್ಲ.

ಉಬ್ಬರ ಇಳಿತವೂ ನಮಗೆ ಹೊಸದು. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರನ ಸೆಳೆತದಿಂದ ಆಗುವ ಈ ಏರಿಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಹೆಚ್ಚು, ಅಷ್ಟಮಿಗೆ ಕಡಿಮೆ. ಬೆಳಗ್ಗೆ ಬಂಡೆಯ ಮೇಲೆ ಒಣಗಿದ ಹಾದಿಯಲ್ಲಿ ನಡೆದುಹೋದವರು ಮಧ್ಯಾಹ್ನ ಮರಳುವಾಗ ಅದೇ ಹಾದಿ ನೀರಿನಲ್ಲಿರಬಹುದು. ಅಮಾವಾಸ್ಯೆ ಹುಣ್ಣಿಮೆ ನೋಡಿಯೇ ಎಲ್ಲ ಮಾಡುವ ನಮ್ಮ ಜನಕ್ಕೆ ಇದನ್ನು ನೆನಪಿಡುವುದು ಕಷ್ಟವಲ್ಲ.

ಒಂದು ಬೆಳಗ್ಗೆ ದೊಡ್ಡ ತಡಿಯಲ್ಲಿ ಮೀನುಗಾರರು ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಅರ್ಧ ಸುತ್ತು ಬಲೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದ ಮಂದಿ ಸಾಲಾಗಿ ನಿಂತು ಎಳೆಯುವುದು. ರಂಪಣಿಯೆನ್ನುವ ದೊಡ್ಡ ಬಲೆಯ ಮೀನುಗಾರಿಕೆ ಕರಾವಳಿಯಲ್ಲಿ ಹಿಂದೆ ಹೀಗೇ ಊರಿಗೆ ಊರೇ ಕೂಡಿ ನಡೆಯುತ್ತಿತ್ತು. ಯಾಂತ್ರಿಕ ದೋಣಿಗಳು ಬಂದ ಮೇಲೆ ಅದು ಕುಗ್ಗಿತು. ನಮ್ಮವರು ಪ್ಯಾಂಟು ಮಡಚಿ ಹಗ್ಗಕ್ಕೆ ಕೈ ಹಚ್ಚಿದರು. ಕಾಯಿ ಚೀಲ ಎತ್ತುವ ತೋಳು, ಅವರಿಗೆ ಕಷ್ಟವಾಗಲಿಲ್ಲ. "ಯಾವೂರಾಯ್ತು ನಿಮ್ದು?" ಎಂದು ಹಿರಿಯರೊಬ್ಬರು ಕೇಳಿದರು. ಚಡಚಣ ಅಂದರೆ ತಿಳಿಯಲಿಲ್ಲ, ಇಂಡಿ ನಿಂಬೆ ಅಂದಾಗ ತಿಳಿಯಿತು. ಭೌಗೋಳಿಕ ಗುರುತಿನ ಮುದ್ರೆ ಪಡೆದ ಆ ಕಾಯಿ ನಮಗಿಂತ ಮೊದಲು ಕಡಲು ಮುಟ್ಟಿತ್ತು. ಮಳೆಗಾಲದಲ್ಲಿ ಏನು ಮಾಡುತ್ತೀರಿ ಎಂದು ನಮ್ಮವರು ಕೇಳಿದರು. ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ ಯಾಂತ್ರಿಕ ಮೀನುಗಾರಿಕೆಗೆ ಸರ್ಕಾರದ ನಿಷೇಧವಿರುತ್ತದೆ, ಮೀನು ಮೊಟ್ಟೆಯಿಡುವ ಕಾಲ, ಕಡಲೂ ಬಿಡುವುದಿಲ್ಲ ಎಂದರು. ಬಲೆಯಲ್ಲಿ ಬಂದದ್ದು ಬಹಳವಿರಲಿಲ್ಲ. ಸಣ್ಣ ಮೀನು, ಒಂದಿಷ್ಟು ಬಂಗಡೆ. ಒಬ್ಬ ಮಳೆ ನೋಡುತ್ತ ಕೂತರೆ ಇನ್ನೊಬ್ಬ ಕಡಲು ನೋಡುತ್ತ ಕೂರುತ್ತಾನೆ ಎಂದು ಕೋಣೆಗೆ ಬರುವಾಗ ನಮ್ಮವರು ಹೇಳಿದರು. ಲಗ್ನವಾದ ಮೇಲೆ ಅಷ್ಟು ಮಾತಾಡಿರದ ಮನುಷ್ಯ ಅವತ್ತು ಬೋರ್‌ವೆಲ್ಲಿನ ಸಾಲದ ವಿಷಯ ತೆಗೆದರು. ಎಷ್ಟು ಸಾಲ, ಯಾವ ಬ್ಯಾಂಕು, ಎರಡು ಬೋರು ಒಣಗಿದ್ದು, ಮೂರನೆಯದು ಹಾಕಿಸಲು ಮಾವ ಹಟ ಹಿಡಿದಿರುವುದು, ತನಗೆ ಅದು ಬೇಡವೆನಿಸಿದ್ದು. ಮನೆಯಲ್ಲಿ ಯಾರ ಹತ್ತಿರವೂ ಹೇಳಿರಲಿಲ್ಲ. ನಾನು ಬಿ.ಇಡಿ. ಮಾಡಬೇಕೆಂದಿರುವುದನ್ನು ಹೇಳಿದೆ. ಲಗ್ನಕ್ಕೆ ಮುಂಚೆ ಫೋನಿನಲ್ಲಿ ಹೇಳಲು ಹೆದರಿ ಬಿಟ್ಟಿದ್ದ ಒಂದೇ ಮಾತು ಅದು. ಕುಡ್ಲೆಯ ಮರಳಿನಲ್ಲಿ ಕಡ್ಡಿಯಿಂದ ಲೆಕ್ಕ ಬರೆದೆವು. ಮೂರನೇ ಬೋರಿನ ಹಣದಲ್ಲಿ ಇರುವ ಗಿಡಗಳಿಗೆ ಹನಿ ನೀರಾವರಿಯೂ ಆಗುತ್ತದೆ, ಕಾಲೇಜಿನ ಫೀಯೂ ಆಗುತ್ತದೆ ಎಂದು ತಿಳಿದದ್ದು ಅಲ್ಲಿ. ಹನಿಮೂನ್ ಅಂದರೆ ಸಿನೆಮಾದ ಹಾಡು ಎಂದುಕೊಂಡವರಿಗೆ ಇದು ಸಪ್ಪೆ ಅನಿಸಬಹುದು. ನನಗೆ ಮಾತ್ರ ಗಂಡನ ಮೇಲೆ ಜೀವ ಬಂದದ್ದು ಆ ಲೆಕ್ಕದ ಹೊತ್ತಿನಲ್ಲೇ.

ಊಟದ ವಿಷಯ. ನಾವು ಶಾಕಾಹಾರಿಗಳು, ತಡಿಯ ಗುಡಿಸಲು ಹೋಟೆಲುಗಳಲ್ಲಿ ಮೀನಿನ ವಾಸನೆಗೆ ಒಗ್ಗಲು ಸ್ವಲ್ಪ ಹೊತ್ತು ಬೇಕಾಯಿತು. ಗುಡಿಯ ಸುತ್ತಲಿನ ಬೀದಿಯಲ್ಲಿ ಶಾಕಾಹಾರಿ ಊಟಕ್ಕೆ ಕೊರತೆಯಿಲ್ಲ. ಮುರುಗಲ ಹಣ್ಣಿನ ಶರಬತ್ತು, ಅಪ್ಪೆಹುಳಿ, ಕಾಯಿ ಹಾಕಿದ ಪಲ್ಯ, ಇವೆಲ್ಲ ರುಚಿ ಹತ್ತಿದವು. ಆದರೂ ಕಟ್ಟಿಕೊಂಡು ಹೋದ ಮಾಲದಂಡಿ ಜೋಳದ ಕಟಕ ರೊಟ್ಟಿ ಎರಡನೇ ದಿನಕ್ಕೆ ಆ ಗಾಳಿಯಲ್ಲಿ ಮೆತ್ತಗಾಗಿಬಿಟ್ಟಿತು. ಒಯ್ಯುವವರು ಗಾಳಿಯಾಡದ ಡಬ್ಬಿಯಲ್ಲಿ ಒಯ್ಯಿರಿ.

ಗೋಕರ್ಣದಿಂದ ಮುರುಡೇಶ್ವರಕ್ಕೆ ಹೋಗುವ ದಾರಿಯಲ್ಲಿ ಹೊನ್ನಾವರ ಬರುತ್ತದೆ. ಮುರುಡೇಶ್ವರದ 123 ಅಡಿಯ ಶಿವನನ್ನೂ, ಲಿಫ್ಟಿನಲ್ಲಿ ಹತ್ತುವ ಇಪ್ಪತ್ತು ಅಂತಸ್ತಿನ ರಾಜಗೋಪುರವನ್ನೂ ಎಲ್ಲರೂ ನೋಡುತ್ತಾರೆ, ಅದಕ್ಕೆ ನನ್ನ ವಿವರಣೆ ಬೇಡ. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಕರೆದೊಯ್ದು ನೀರಿನಾಳಕ್ಕೆ ಇಳಿಸುವವರಿದ್ದಾರೆ. ನಮ್ಮ ಕೈಗೆ ಅದರ ಖರ್ಚು ಹೆಚ್ಚೆನಿಸಿತು. ಹೊನ್ನಾವರದಲ್ಲಿ ಇಳಿಯದೆ ಹೋಗುವವರೇ ಹೆಚ್ಚು, ಅದು ನನಗೆ ಸರಿ ಕಾಣುವುದಿಲ್ಲ. ಶರಾವತಿ ಕಡಲು ಸೇರುವ ಕಡೆ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಉಪ್ಪುನೀರಿನಲ್ಲಿ ಬೆಳೆಯುವ ಈ ಗಿಡಗಳ ಬೇರುಗಳು ಕೆಸರಿನಿಂದ ಮೇಲೆದ್ದು ಉಸಿರಾಡುತ್ತವೆ. ಅಲೆ ಹೊಡೆತದಿಂದ ದಡ ಕಾಯುತ್ತವೆ, ಮೀನಿನ ಮರಿಗಳು ಅವುಗಳ ಸಂದಿಯಲ್ಲಿ ಬೆಳೆಯುತ್ತವೆ. ಅಲ್ಲೇ ಹತ್ತಿರದ ಕಾಸರಕೋಡಿನ ಕಡಲತಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಪಡುಬಿದ್ರಿಗೂ ಆ ವರ್ಷವೇ ಸಿಕ್ಕಿತು. ನೀರಿನ ಶುದ್ಧತೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಇವೆಲ್ಲ ಇದ್ದರೆ ಮಾತ್ರ ಕೊಡುವ ಮಾನ್ಯತೆ ಅದು. ಹೆಣ್ಣುಮಕ್ಕಳಿಗೆ ಶೌಚಾಲಯ, ಬಟ್ಟೆ ಬದಲಿಸುವ ಜಾಗ ಎಷ್ಟು ಮುಖ್ಯವೆಂದು ಬೇರೆ ತಡಿಗಳಲ್ಲಿ ಪರದಾಡಿದ ಮೇಲೆ ತಿಳಿಯುತ್ತದೆ.

ಬರುವಾಗ ಅಂಕೋಲಾದಲ್ಲಿ ಬಸ್ಸು ಬದಲಿಸಿದೆವು. ಹೆದ್ದಾರಿ ಮುಗಿಯುವ ಈ ಊರಿನಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪಿನ ಕಾಯ್ದೆ ಮುರಿದರು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಬಿಸಿಲಿಗೆ ಬಿಟ್ಟರೆ ತಾನೇ ಉಳಿಯುತ್ತದೆ. ಅದಕ್ಕೂ ಬ್ರಿಟಿಷರು ಸುಂಕ ಹಾಕಿದ್ದರು. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಇಂದಿಗೂ ಅಂಥ ಉಪ್ಪಿನ ಗದ್ದೆಗಳಿವೆ.

ಕಾರವಾರಕ್ಕೆ ಹೋಗಲು ನಮಗೆ ಹೊತ್ತು ಸಿಗಲಿಲ್ಲ. ಅದರ ಒಂದು ಸಂಗತಿಯನ್ನು ಬಸ್ಸಿನಲ್ಲಿ ನಮ್ಮವರಿಗೆ ಹೇಳಿದೆ. 1883ರಲ್ಲಿ ರವೀಂದ್ರನಾಥ ಟ್ಯಾಗೋರರು ಕಾರವಾರದಲ್ಲಿ ಉಳಿದಿದ್ದರು, ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಹುಡುಗ, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ, ಮರಳಿನ ಮೇಲೆ ನಡೆದು ಮರಳಿದ್ದನ್ನು ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡರು. ಪ್ರೀತಿಯನ್ನು ತೊರೆದ ಸನ್ಯಾಸಿಯೊಬ್ಬನನ್ನು ಪ್ರೀತಿಯೇ ಮತ್ತೆ ಲೋಕಕ್ಕೆ ಕರೆತರುವ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಅಲ್ಲೇ. ಆ ವರ್ಷದ ಡಿಸೆಂಬರಿನಲ್ಲಿ ಅವರ ಮದುವೆಯಾಯಿತು. ಕಾರವಾರದ ಕಡಲತಡಿಗೆ ಈಗ ಅವರದೇ ಹೆಸರಿದೆ.

ಮಳೆಗಾಲದಲ್ಲಿ ಈ ದಾರಿ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವರ ಜೀವ ಹೋಯಿತು. ಅರಬೈಲ್ ಘಟ್ಟದಲ್ಲೂ ಮಳೆಗೆ ಮಣ್ಣು ಜಾರುತ್ತದೆ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಹಳಿ ಹಾಕುವ ಯೋಜನೆ 1990ರ ದಶಕದ ಕೊನೆಯಿಂದ ಇದೆ, ದಟ್ಟ ಕಾಡಿನ ಮೂಲಕ ಹೋಗಬೇಕಾದ್ದರಿಂದ ಇಷ್ಟು ವರ್ಷವಾದರೂ ಆಗಿಲ್ಲ. ಆ ಕಾಡನ್ನು ನೋಡಿಬಂದ ನನಗೆ ತಡವಾದದ್ದಕ್ಕೆ ಬೇಸರವಿಲ್ಲ. ಮಲ್ಪೆ, ಉಡುಪಿ ನೋಡಬೇಕೆನ್ನುವವರಿಗೆ ವಿಜಯಪುರದಿಂದ ಮಂಗಳೂರಿಗೆ ಹುಬ್ಬಳ್ಳಿ, ಹಾಸನದ ಮೇಲೆ ಹೋಗುವ ರೈಲಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಟ್ಟ ಇಳಿಯುವ ಆ ಹಳಿಯೂ ನೋಡುವಂಥದ್ದು.

ನಮ್ಮ ಪ್ರವಾಸ ಹದಿನೈದು ಸಾವಿರ ರೂಪಾಯಿಯೊಳಗೆ ಮುಗಿಯಿತು. ನಾನೀಗ ವಿಜಯಪುರದಲ್ಲಿ ಬಿ.ಇಡಿ. ಓದುತ್ತಿದ್ದೇನೆ, ತೋಟದಲ್ಲಿ ಹನಿ ನೀರಾವರಿ ಪೈಪು ಬಂದಿದೆ. ಮಾವನವರನ್ನು ಒಪ್ಪಿಸಲು ಸುಗ್ಗಿ ಮುಗಿಯುವವರೆಗೆ ಹಿಡಿಯಿತು. ಅತ್ತೆಯವರು ಮಾತ್ರ ಬೇರೆಯದನ್ನೇ ಕೇಳುತ್ತಿದ್ದರು. ನೀರು ಖರೇನೇ ಉಪ್ಪಾ, ದಡಕ್ಕೆ ಕೂತರೆ ತೆರೆ ಮೈಮೇಲೆ ಬರುತ್ತದಾ, ಸೀರೆ ಉಟ್ಟವರೂ ಇಳಿಯುತ್ತಾರಾ. ಮೂವತ್ತು ವರ್ಷ ಸಂಸಾರ ಮಾಡಿದ ಅತ್ತೆ ಮಾವ ಇಬ್ಬರೂ ಜೊತೆಗೆ ಯಾರೂ ಇಲ್ಲದೆ ಎಲ್ಲಿಗೂ ಹೋದವರಲ್ಲ. ಈ ಸಲ ಅವರಿಬ್ಬರನ್ನೇ ಕಳಿಸಬೇಕೆಂದು ನಾವು ಗೊತ್ತು ಮಾಡಿದ್ದೇವೆ, ಕ್ರೂಸರ್ ಇಲ್ಲ, ಮೊಮ್ಮಕ್ಕಳಿಲ್ಲ. ಮಾವನವರು ತೋಟ ಯಾರು ನೋಡಬೇಕು ಎನ್ನುತ್ತಿದ್ದಾರೆ. ಶಿವರಾತ್ರಿ ಹತ್ತಿರ ಬಂದರೆ ತೇರಿನ ಗದ್ದಲಕ್ಕೆ ಗೋಕರ್ಣದಲ್ಲಿ ಕೋಣೆ ಸಿಗುವುದಿಲ್ಲ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ ಮುಗಿದ ವಾರಕ್ಕೇ ಹೊರಡಿಸಬೇಕು. ಅದೇ ಹೆಂಚಿನ ಮನೆಗೆ ಫೋನ್ ಮಾಡಿ, ನೆಲಮಟ್ಟದ ಕೋಣೆ, ಮೆಟ್ಟಿಲು ಬೇಡ, ಅತ್ತೆಯವರಿಗೆ ಮೊಣಕಾಲು ನೋವು ಎಂದು ಹೇಳಿಟ್ಟಿದ್ದೇನೆ.